ನಮ್ಮ ಮನೆಯ ಚರಂಡಿ ಮತ್ತು ನೇತ್ರಾವತಿ

(ಭಾಷಣದ ಬರಹ ರೂಪ)



ನದಿ ಮಲಿನವಾಗುತ್ತಿದೆ ಎಂದಾಗ ನಮ್ಮ ಬೆರಳು ಮೊದಲು ಕಾರ್ಖಾನೆಗಳತ್ತ, ಆ ಬಳಿಕ ಸರಕಾರದತ್ತ ಚಾಚುತ್ತದೆ. ಅದು ತಪ್ಪಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯ ಪ್ರಕಾರ, ದೇಶದ ನಗರಗಳಲ್ಲಿ ದಿನವೊಂದಕ್ಕೆ ಸುಮಾರು 7,236 ಕೋಟಿ ಲೀಟರ್ ಕೊಳಚೆ ನೀರು ಉತ್ಪತ್ತಿಯಾಗುತ್ತಿತ್ತು. ಅದರಲ್ಲಿ ಶುದ್ಧೀಕರಣಗೊಳ್ಳುತ್ತಿದ್ದುದು ಸುಮಾರು 2,023 ಕೋಟಿ ಲೀಟರ್ ಮಾತ್ರ. ಉಳಿದುದನ್ನು ಶುದ್ಧೀಕರಿಸುವ ವ್ಯವಸ್ಥೆ ಮಾಡದಿರುವುದು ಖಂಡಿತವಾಗಿಯೂ ಆಡಳಿತದ ವೈಫಲ್ಯ. ಆದರೆ ಆ ಕೊಳಚೆ ಎಲ್ಲಿಂದ ಬಂತು? ಅದು ನಮ್ಮ ಅಡುಗೆ ಮನೆಯಿಂದ, ಬಚ್ಚಲಿನಿಂದ, ಶೌಚಾಲಯದಿಂದ ಹೊರಟದ್ದಲ್ಲವೇ?

ದೂರದ ಉದಾಹರಣೆ ಬೇಡ. ಪಶ್ಚಿಮ ಘಟ್ಟದಲ್ಲಿ ಹುಟ್ಟುವ ನಮ್ಮ ನೇತ್ರಾವತಿಯು ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ, ಪಾಣೆಮಂಗಳೂರುಗಳನ್ನು ದಾಟಿ ತುಂಬೆಗೆ ಬರುತ್ತದೆ. ಅಲ್ಲಿನ ಕಿಂಡಿ ಅಣೆಕಟ್ಟಿನಿಂದಲೇ ಮಂಗಳೂರು ನಗರಕ್ಕೆ ಕುಡಿಯುವ ನೀರು ಹೋಗುತ್ತದೆ. ಅಂದರೆ ಮೇಲಿನ ಪೇಟೆಯವರು ಚೆಲ್ಲಿದ್ದು ಕೆಳಗಿನ ಪೇಟೆಯವರ ಲೋಟಕ್ಕೆ ಬರುತ್ತದೆ. ಉಪ್ಪಿನಂಗಡಿಯಲ್ಲಿ ನಮ್ಮ ಅಕ್ಕನ ಮನೆ, ಮಂಗಳೂರಿನಲ್ಲಿ ನಮ್ಮ ಮಗಳ ಮನೆ. ನಡುವೆ ಇರುವುದು ಒಂದೇ ನದಿ.

ಮಳೆಗಾಲದ ನಾಲ್ಕು ತಿಂಗಳು ಈ ನದಿ ತುಂಬಿ ಹರಿಯುವುದರಿಂದ ನಮ್ಮ ತಪ್ಪುಗಳು ಕೊಚ್ಚಿ ಹೋಗುತ್ತವೆ. ಬೇಸಗೆಯಲ್ಲಿ ಹಾಗಲ್ಲ. 2019ರಲ್ಲೂ 2023ರಲ್ಲೂ ತುಂಬೆಯ ನೀರು ಕುಸಿದು ಮಂಗಳೂರಿಗೆ ಸರದಿಯಂತೆ ನೀರು ಹಂಚಬೇಕಾಯಿತು. ನೀರು ಕಡಿಮೆಯಾದಾಗ ಕೊಳೆ ಕಡಿಮೆಯಾಗುವುದಿಲ್ಲ; ಅಷ್ಟೇ ಕೊಳೆ ಅಲ್ಪ ನೀರಿನಲ್ಲಿ ಸೇರಿಕೊಂಡು ಹೆಚ್ಚು ವಿಷವಾಗುತ್ತದೆ. ಆದ್ದರಿಂದ ಮನೆಯ ಎಚ್ಚರಿಕೆ ಎಂದಿಗಿಂತಲೂ ಹೆಚ್ಚು ಬೇಕಾದುದು ಬೇಸಗೆಯಲ್ಲಿ.

ಹಾಗಾದರೆ ನಾವೇನು ಮಾಡಬಹುದು?

ಮೊದಲನೆಯದು ಎಣ್ಣೆ. ಕರಿದು ಉಳಿದ ಎಣ್ಣೆಯನ್ನು, ಬಿರಿಯಾನಿ ಪಾತ್ರೆಯ ತಳದ ತುಪ್ಪವನ್ನು ಬಚ್ಚಲಿಗೆ ಸುರಿಯುವುದು ನಮ್ಮಲ್ಲಿ ಸಾಮಾನ್ಯ. ಅದು ಕೊಳವೆಯಲ್ಲಿ ಹೆಪ್ಪುಗಟ್ಟುತ್ತದೆ. ನದಿಗೆ ಸೇರಿದರೆ ನೀರಿನ ಮೇಲೆ ಪದರವಾಗಿ ಹರಡಿ, ಮೀನುಗಳಿಗೆ ಬೇಕಾದ ಆಮ್ಲಜನಕವನ್ನು ತಡೆಯುತ್ತದೆ. ಪಾತ್ರೆ ತೊಳೆಯುವ ಮುನ್ನ ಹಳೆಯ ಕಾಗದದಿಂದ ಒರೆಸಿದರೆ ಎಣ್ಣೆಯೂ ದೂರ, ಸಾಬೂನೂ ಉಳಿತಾಯ.

ಎರಡನೆಯದು ಬಟ್ಟೆ ತೊಳೆಯುವ ಪುಡಿ. ಹೆಚ್ಚು ನೊರೆ ಬಂದರೆ ಹೆಚ್ಚು ಶುಭ್ರ ಎಂಬುದು ಜಾಹೀರಾತು ಕಲಿಸಿದ ಪಾಠ. ಪುಡಿಯಲ್ಲಿ ಫಾಸ್ಫೇಟ್ ಇದ್ದರೆ ಅದು ಪಾಚಿಗೆ ಗೊಬ್ಬರ. ಪಾಚಿ ಬೆಳೆದು ಕೊಳೆತಾಗ ನೀರಿನ ಉಸಿರು ನಿಲ್ಲುತ್ತದೆ. ನದಿಯ ಕಲ್ಲಿನ ಮೇಲೆ ಬಟ್ಟೆ ಒಗೆಯುವುದನ್ನು ಬಿಡೋಣ; ಮನೆಯಲ್ಲಿ ಅಳತೆಯ ಪುಡಿ ಬಳಸಿ, ಆ ನೀರು ಇಂಗುಗುಂಡಿಗೆ ಹೋಗುವಂತೆ ಮಾಡೋಣ. ಗುಂಡಿ ಮಾತ್ರ ಬಾವಿಯಿಂದ ದೂರವಿರಲಿ.

ಮೂರನೆಯದು ಔಷಧ. ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮಕ್ಕಳ ಜ್ವರಕ್ಕೆ ತಂದು ಉಳಿದ ಆಂಟಿಬಯೋಟಿಕ್ ಸಿರಪ್ಪನ್ನು ನಾವೂ ವರ್ಷಗಟ್ಟಲೆ ಸಿಂಕಿಗೆ ಸುರಿದು, ಬಾಟಲಿ ತೊಳೆದು, ಅದನ್ನೇ ಶುಚಿತ್ವ ಎಂದುಕೊಂಡಿದ್ದೆವು. ನೀರಿಗೆ ಹಾಕುವ ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ, ಕರಗಿದ ಔಷಧವನ್ನು ಪೂರ್ಣ ತೆಗೆಯುವುದಿಲ್ಲ. ನೀರಿನಲ್ಲಿರುವ ಔಷಧಕ್ಕೆ ಒಗ್ಗಿಕೊಂಡ ರೋಗಾಣು ನಾಳೆ ನಮ್ಮ ಮಗುವಿನಲ್ಲೇ ಆ ಔಷಧಕ್ಕೆ ಬಗ್ಗದಿರಬಹುದು. ಉಳಿದ ಮದ್ದು, ಬಣ್ಣ, ಕೀಟನಾಶಕ ಇವೆಲ್ಲ ಅಪಾಯಕಾರಿ ಕಸವೆಂದು ಬೇರೆ ಡಬ್ಬಿಯಲ್ಲಿರಲಿ. ಕಸವನ್ನು ಮನೆಯಲ್ಲೇ ಹಸಿ, ಒಣ ಮತ್ತು ಅಪಾಯಕಾರಿ ಎಂದು ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು.

ನಾಲ್ಕನೆಯದು ಶೌಚಗುಂಡಿ. ಅದನ್ನು ಕಟ್ಟಿಸಿದ ಮೇಲೆ ನಾವು ಮರೆತುಬಿಡುತ್ತೇವೆ. ಎರಡು ಮೂರು ವರ್ಷಗಳಿಗೊಮ್ಮೆ ಬರಿದು ಮಾಡಿಸದಿದ್ದರೆ ಅದು ತುಂಬಿ, ಸದ್ದಿಲ್ಲದೆ ಮಳೆನೀರಿನ ಚರಂಡಿಗೆ ಹರಿಯುತ್ತದೆ. ಆ ಚರಂಡಿ ಹೋಗುವುದು ನದಿಗೆ. ಡಯಾಪರು, ಪ್ಯಾಡುಗಳನ್ನು ಚೀಲದಲ್ಲಿ ಕಟ್ಟಿ ಸೇತುವೆಯಿಂದ ಎಸೆಯುವವರೂ ನಮ್ಮಲ್ಲಿಲ್ಲವೇ? ಬಕ್ರೀದ್ ದಿನ ಪ್ರಾಣಿಯ ಒಳಾಂಗಗಳನ್ನು ತೋಡಿಗೆ ಹಾಕುವುದೂ ಇದೇ ಅಪರಾಧ. ಅದನ್ನು ಆಳವಾಗಿ ಹೂಳಬೇಕು ಅಥವಾ ಸ್ಥಳೀಯ ಸಂಸ್ಥೆಯ ವಾಹನಕ್ಕೆ ಒಪ್ಪಿಸಬೇಕು.

ಹರಿಯುವ ನದಿಯ ಬಳಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂಬ ಬೋಧನೆಯನ್ನು ನಾವು ಮದ್ರಸಾದಲ್ಲಿ ಬಾಲ್ಯದಲ್ಲೇ ಕೇಳಿದ್ದೇವೆ. ಮಿತವಾಗಿ ಬಳಸುವುದು ಎಷ್ಟು ಮುಖ್ಯವೋ, ಮುಂದಿನವರಿಗೆ ಶುದ್ಧವಾಗಿ ಬಿಡುವುದೂ ಅಷ್ಟೇ ಮುಖ್ಯ.

ಕೊನೆಯದಾಗಿ ಒಂದು ಮಾತು. ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾದ ಬಳಿಕ ನೇತ್ರಾವತಿಯನ್ನು ಉಳಿಸಿ ಎಂದು ಈ ಜಿಲ್ಲೆಯಲ್ಲಿ ಸಭೆ, ಮೆರವಣಿಗೆ, ಬಂದ್‌ಗಳು ನಡೆದವು. 2024ರಲ್ಲಿ ಆ ಯೋಜನೆಯ ಮೊದಲ ಹಂತ ಉದ್ಘಾಟನೆಯೂ ಆಯಿತು. ಅಂದು ಘೋಷಣೆ ಕೂಗಿದ ನಾವು, ಸಂಜೆ ಮನೆಗೆ ಮರಳಿ ಅದೇ ನದಿಗೆ ಏನನ್ನು ಕಳುಹಿಸಿದೆವು? ನದಿಗಳನ್ನು ರಕ್ಷಿಸುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. ಕೊಳಚೆ ಶುದ್ಧೀಕರಣ ಘಟಕವನ್ನು ನಗರಸಭೆಯಿಂದ ಕೇಳುವ ಹಕ್ಕು ನಮ್ಮದು. ಆದರೆ ತನ್ನ ಚರಂಡಿಯ ಲೆಕ್ಕ ಕೊಡಬಲ್ಲವನ ಪ್ರಶ್ನೆಗೆ ಮಾತ್ರ ತೂಕವಿರುತ್ತದೆ. ಆ ಲೆಕ್ಕವನ್ನು ಇಂದು ರಾತ್ರಿ ಪಾತ್ರೆ ತೊಳೆಯುವಾಗಲೇ ಆರಂಭಿಸೋಣ.