ಎಡೆಯಿಡುವವರಿಲ್ಲದ ಪ್ರೇತಗಳು

ಚೀನಾದ ಆನ್ಯಾಂಗ್ ನಗರದ ಬಳಿ ದೊರೆತ ಶಕುನದ ಮೂಳೆಗಳ ಮೇಲೆ, ಕ್ರಿ.ಪೂ. 13ನೆಯ ಶತಮಾನದ ಶಾಂಗ್ ಅರಸ ವೂ ಡಿಂಗ್ ಕೇಳಿಸಿದ ಪ್ರಶ್ನೆಗಳಿದ್ದು, ಅವನ ಹಲ್ಲುನೋವಿಗೆ ಗತಿಸಿದ ಯಾವ ಹಿರಿಯನ ಮುನಿಸು ಕಾರಣ ಎಂಬುದೂ ಅವುಗಳಲ್ಲಿ ಸೇರಿದೆ. ಸತ್ತವರು ಮನೆತನವನ್ನು ತೊರೆಯುವುದಿಲ್ಲ, ಅವರ ಹಸಿವೂ ಕೋಪವೂ ಉಳಿದಿರುತ್ತವೆ ಎಂಬ ಈ ಗ್ರಹಿಕೆಯ ಮೇಲೆಯೇ ಮುಂದಿನ ಪ್ರೇತಕಲ್ಪನೆಯೆಲ್ಲ ಬೆಳೆಯಿತು.

ಇದಕ್ಕೆ ತರ್ಕಬದ್ಧವಾದ ವಿವರಣೆ ದೊರೆಯುವುದು ‘ಜ್ವೊ ಜ್ವಾನ್’ ಎಂಬ ಪ್ರಾಚೀನ ಇತಿಹಾಸಗ್ರಂಥದಲ್ಲಿ. ಜೆಂಗ್ ರಾಜ್ಯದ ಅಂತಃಕಲಹದಲ್ಲಿ ಕ್ರಿ.ಪೂ. 543ರಲ್ಲಿ ಕೊಲೆಯಾದ ಬೊಯೂ ಎಂಬ ಕುಲೀನನ ಪ್ರೇತ ಬಂದಿತೆಂದು ಜನರು ಬೆದರಿ ಓಡತೊಡಗಿದಾಗ, ಮಂತ್ರಿ ಜಿಚಾನ್ ಬೊಯೂವಿನ ಮಗನಿಗೆ ಪದವಿಯನ್ನು ಕೊಟ್ಟು, ಆ ಮನೆತನದ ಪಿತೃಪೂಜೆ ಮುಂದುವರಿಯುವಂತೆ ಮಾಡಿದನು, ಕಾಟ ನಿಂತಿತು. ದೇಹದೊಂದಿಗೆ ಮೊದಲು ಮೂಡುವ ‘ಪೊ’, ಅನಂತರ ಕೂಡುವ ‘ಹುನ್’ ಎಂಬ ಎರಡು ಚೈತನ್ಯಗಳು ಮನುಷ್ಯನಲ್ಲಿದ್ದು, ದುರ್ಮರಣಕ್ಕೀಡಾದವನಲ್ಲಿ ಇವು ಬದುಕಿರುವವರನ್ನು ಆವರಿಸಬಲ್ಲವು, ಆದರೆ ಮರಳಲು ಒಂದು ನೆಲೆಯಿದ್ದರೆ ಪ್ರೇತ ಪೀಡಿಸದು ಎಂಬುದು ಅವನ ಸಿದ್ಧಾಂತ. ಮಂತ್ರವಾದಿಗಿಂತ ಆಡಳಿತಗಾರನಿಗೆ ಒಪ್ಪುವ ಪರಿಹಾರವಿದು.

ಕಾಲಕ್ರಮದಲ್ಲಿ ಹುನ್ ಆಕಾಶಕ್ಕೇರುತ್ತದೆ, ಪೊ ಮಣ್ಣಿಗೆ ಸೇರುತ್ತದೆ ಎಂಬ ನಂಬಿಕೆ ನೆಲೆಗೊಂಡಿತು. ಚಾಂಗ್ಷಾ ಸಮೀಪದ ಮಾವಾಂಗ್‌ದುಯಿಯಲ್ಲಿ 1972ರಲ್ಲಿ ಅಗೆದ ಹಾನ್ ಕಾಲದ ಸಮಾಧಿಯಲ್ಲಿ, ಕುಲೀನ ಮಹಿಳೆಯೊಬ್ಬಳ ಕೊಳೆಯದ ಶವದೊಂದಿಗೆ, ಪಾತಾಳ, ಭೂಮಿ, ಸ್ವರ್ಗಗಳನ್ನು ಒಂದರ ಮೇಲೊಂದಾಗಿ ಚಿತ್ರಿಸಿದ ರೇಷ್ಮೆಪಟವೂ ದೊರೆತಿದೆ. ಸಂದೇಹಿಗಳೂ ಇಲ್ಲದಿರಲಿಲ್ಲ. ಕ್ರಿ.ಶ. 1ನೆಯ ಶತಮಾನದ ವಾಂಗ್ ಚುಂಗ್, ಸತ್ತವರೆಲ್ಲ ಪ್ರೇತವಾಗುವುದಾದರೆ ದಾರಿಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ, ಬಟ್ಟೆಗೆ ಆತ್ಮವಿಲ್ಲದ್ದರಿಂದ ಪ್ರೇತಗಳು ಬೆತ್ತಲೆಯಾಗಿಯೇ ಕಾಣಿಸಬೇಕಿತ್ತು ಎಂದು ವಾದಿಸಿದನು.

ಭಾರತದಿಂದ ಹೋದ ಬೌದ್ಧಧರ್ಮವು ಈ ಲೋಕಕ್ಕೆ ಪುನರ್ಜನ್ಮವನ್ನೂ ನರಕವನ್ನೂ ತಂದಿತು. ನಮ್ಮ ಯಮನು ಅಲ್ಲಿ ಯಾನ್‌ಲುವೋ ಆಗಿ, ಹತ್ತು ನ್ಯಾಯಾಧಿಪತಿಗಳಲ್ಲಿ ಐದನೆಯವನಾಗಿ, ಅಧಿಕಾರಿಯ ನಿಲುವಂಗಿ ತೊಟ್ಟು ಕಡತಗಳ ಮುಂದೆ ಕುಳಿತನು. ಸನ್ಯಾಸಿಗಳು ತಂದೆತಾಯಿಯರನ್ನು ತ್ಯಜಿಸುವವರೆಂಬ ಆರೋಪಕ್ಕೆ ಬೌದ್ಧರು ಕೊಟ್ಟ ಉತ್ತರವೇ ಮುಲಿಯಾನ್‌ನ, ಅಂದರೆ ಮೌದ್ಗಲ್ಯಾಯನನ ಕಥೆಯೆನ್ನಬಹುದು: ಹಸಿದ ಪ್ರೇತವಾಗಿದ್ದ ತಾಯಿಗೆ ಅವನು ಕೊಟ್ಟ ಅನ್ನವು ಬಾಯಿ ಸೇರುವ ಮೊದಲೇ ಕೆಂಡವಾಗಲು, ಏಳನೆಯ ತಿಂಗಳ ಹದಿನೈದನೆಯ ದಿನ ಭಿಕ್ಷುಸಂಘಕ್ಕೆ ದಾನ ಮಾಡಿ ಅವಳನ್ನು ಬಿಡಿಸಿದನು. 6ನೆಯ ಶತಮಾನದ ಹೊತ್ತಿಗೆ ಆ ದಿನವು ಹಬ್ಬವಾಗಿತ್ತು.

ಇಂದಿಗೂ ಏಳನೆಯ ತಿಂಗಳಲ್ಲಿ ತೈವಾನಿನ ಮನೆಗಳಲ್ಲಿ ಪೂರ್ವಜರಿಗೆ ಒಳಗೆ, ಅಲೆಯುವ ಪ್ರೇತಗಳಿಗೆ ಹೊರಗೆ ಎಡೆಯಿಡುತ್ತಾರೆ. ಹೊರಗಿನವರಿಗಾಗಿ ಮುಖ ತೊಳೆಯಲು ನೀರು, ಟವೆಲುಗಳನ್ನೂ ಇಟ್ಟು, ಕಾಗದದ ಹಣವನ್ನು ಸುಡುವುದುಂಟು. ಈ ವ್ಯವಸ್ಥೆಯ ಕಠೋರ ಮುಖ ಕಾಣುವುದು ಹೆಣ್ಣುಮಕ್ಕಳ ವಿಷಯದಲ್ಲಿ. ಅವಿವಾಹಿತಳಾಗಿ ಸತ್ತ ಮಗಳ ಹೆಸರಿನ ಫಲಕಕ್ಕೆ ತವರಿನ ಪೂಜಾಪೀಠದಲ್ಲಿ ಸ್ಥಾನವಿಲ್ಲದ್ದರಿಂದ, ಅವಳಿಗೆ ಸತ್ತ ಮೇಲೆಯೂ ವರನನ್ನು ಹುಡುಕಿ ‘ಪ್ರೇತವಿವಾಹ’ ಮಾಡಿಸುವ ಪದ್ಧತಿ ಬೆಳೆಯಿತು. ಯಾರ ವಂಶಕ್ಕೂ ಸೇರದ ಮೂಳೆಗಳನ್ನು ಊರವರು ಒಟ್ಟುಗೂಡಿಸಿ ‘ಯೂಯಿಂಗ್ ಗುಂಗ್’ ಎಂಬ ಕಿರುಗುಡಿಗಳಲ್ಲಿರಿಸಿ, ಹರಕೆ ಹೊತ್ತು ಧೂಪ ಹಾಕುತ್ತಾರೆ.