ಚಿತ್ರದ ಮೂಲೆಯಲ್ಲಿದ್ದ ತಾಯಿ



ಇಂದು ಎಲ್ಲರ ಕೈಯಲ್ಲಿಯೂ ಕ್ಯಾಮೆರಾ ಇದೆ. ತೆಗೆದ ಚಿತ್ರದಲ್ಲಿ ವಿದ್ಯುತ್ ತಂತಿಯೋ ಅಡ್ಡ ಬಂದ ದನವೋ ಬಿದ್ದಿದ್ದರೆ ಬೆರಳಿನಿಂದ ಸವರಿದರೆ ಸಾಕು, ಮಾಯವಾಗುತ್ತದೆ. ಅಜ್ಜನ ಹಳೆಯ ಚಿತ್ರದ ಮೇಲಿನ ಕಲೆಯನ್ನು ಹೀಗೆ ತೆಗೆದರೆ ನಮ್ಮ ತಕರಾರೇನೂ ಇಲ್ಲ.

ಕೆಲವು ವರ್ಷಗಳ ಹಿಂದೆ ಜಾತ್ರೆಯ ದಾಸೋಹದ ಚಿತ್ರವನ್ನು ಮಠದ ಪುಸ್ತಕದ ರಕ್ಷಾಪುಟಕ್ಕೆ ಹಾಕಬೇಕೆಂದಾಯಿತು. ಪಂಕ್ತಿ ಚೆನ್ನಾಗಿ ಬಂದಿತ್ತು. ಎಡಗಡೆಯ ಮೂಲೆಯಲ್ಲಿ ಮಾತ್ರ ವಯಸ್ಸಾದ ತಾಯಿಯೊಬ್ಬರು ಪೊರಕೆ ಹಿಡಿದು, ಎಂಜಲೆಲೆಯ ಮಂಕರಿಯ ಪಕ್ಕದಲ್ಲಿ ನಿಂತಿದ್ದರು. ಚಿತ್ರವನ್ನು ಸಿದ್ಧಪಡಿಸುತ್ತಿದ್ದ ಹುಡುಗ, "ಬುದ್ಧಿ, ಇದನ್ನು ತೆಗೆದುಬಿಡಲೇ? ಲಕ್ಷಣವಾಗಿರುತ್ತದೆ" ಎಂದ. ನಾವು "ಆಗಲಿ" ಎಂದೆವು. ಆ ಮಾತು ನಮ್ಮದು. ಹುಡುಗನ ತಲೆಗೆ ಕಟ್ಟುವಂತಿಲ್ಲ.

ಅವನು ಮಾಡಿದ ಬಗೆಯನ್ನು ಪಕ್ಕದಲ್ಲಿಯೇ ಕುಳಿತು ನೋಡಿದೆವು. ಫೋಟೋಶಾಪ್ ಎಂಬ ಆ ಸಾಧನ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಥಾಮಸ್ ನೋಲ್, ಜಾನ್ ನೋಲ್ ಎಂಬ ಅಣ್ಣತಮ್ಮಂದಿರು ಅದನ್ನು ಕಟ್ಟಿದವರು. ಚಿತ್ರವೆಂದರೆ ಯಂತ್ರದ ಪಾಲಿಗೆ ಲಕ್ಷಾಂತರ ಬಣ್ಣದ ಚುಕ್ಕೆಗಳು. ಮೊದಲೆಲ್ಲ ಪಕ್ಕದ ಚುಕ್ಕೆಗಳನ್ನು ಎತ್ತಿ, ಬೇಡವಾದುದರ ಮೇಲೆ ಮುದ್ರೆಯೊತ್ತಿದಂತೆ ಕೈಯಿಂದ ಒತ್ತಬೇಕಾಗಿತ್ತು. 2010ರಿಂದೀಚೆಗೆ ಗುರುತು ಮಾಡಿಕೊಟ್ಟರೆ ಯಂತ್ರವೇ ಸುತ್ತಮುತ್ತ ಹುಡುಕಿ, ಹೊಂದುವ ತುಂಡುಗಳಿಂದ ಆ ಜಾಗವನ್ನು ತುಂಬುತ್ತದೆ. ಆ ತಾಯಿಯ ಹಿಂದೆ ಕಂಬದ ಬುಡವಿತ್ತೋ, ಉಣ್ಣುತ್ತಿದ್ದ ಭಕ್ತರೊಬ್ಬರ ಮೊಣಕಾಲಿತ್ತೋ, ಕ್ಯಾಮೆರಾಕ್ಕೆ ಕಂಡೇ ಇರಲಿಲ್ಲ. ಯಂತ್ರ ಅಲ್ಲಿ ಕಲ್ಲುಚಪ್ಪಡಿಯನ್ನು ಹಾಸಿತು. ಅವರ ನೆರಳು ಮಾತ್ರ ಉಳಿಯಿತು. ಹುಡುಗ ಎರಡನೆಯ ಸಲ ಸವರಿ ಅದನ್ನೂ ತೆಗೆದ.

ಕಂಪ್ಯೂಟರು ಬರುವ ಮೊದಲೂ ಈ ವಿದ್ಯೆ ಇತ್ತು. ರಷ್ಯದಲ್ಲಿ ಕಾಲುವೆಯ ದಂಡೆಯ ಮೇಲೆ ಸ್ಟಾಲಿನ್ನನ ಪಕ್ಕದಲ್ಲಿದ್ದ ಯೆಜೋವ್ 1940ರಲ್ಲಿ ಮರಣದಂಡನೆಗೆ ಗುರಿಯಾದ. ತಿದ್ದಿದ ಪ್ರತಿಯಲ್ಲಿ ಅವನಿದ್ದಲ್ಲಿ ಬರಿಯ ನೀರು. ಅವನೇನು ಸಾಧುವಲ್ಲ, ಲಕ್ಷಗಟ್ಟಲೆ ಜನರನ್ನು ಕೊಲ್ಲಿಸಿದ ಪೊಲೀಸ್ ಮುಖ್ಯಸ್ಥ. ಅಲ್ಲಿ ಭಯವೂ ಹಗೆಯೂ ಅಳಿಸಿದವು. ನಾವು ಅಂದಕ್ಕೆಂದು ಅಳಿಸಿದೆವು. ಅಂಗಳ ಗುಡಿಸುವುದನ್ನೇ ಕಾಯಕವಾಗಿಸಿಕೊಂಡ ಶರಣೆ ಸತ್ಯಕ್ಕನ ವಿಷಯವನ್ನು ಇದೇ ಪೀಠದಿಂದ ಎಷ್ಟೋ ಸಲ ಹೇಳಿದವರು ನಾವು. ನಮ್ಮ ಅಂಗಳ ಗುಡಿಸಿದವರು ನಮ್ಮ ಕಣ್ಣಿಗೆ ಕಸವಾಗಿ ಕಂಡರು.

ಕಳೆದ ವರ್ಷ ಆ ತಾಯಿ ಲಿಂಗೈಕ್ಯರಾದರು. ಮಗ ಬಂದು, "ಬುದ್ಧಿ, ಅವ್ವ ಜಾತ್ರೆಯಲ್ಲಿ ಪಟಕ್ಕೆ ನಿಂತಿದ್ದೆ ಅಂತಿದ್ದಳು. ಮನೆಯಲ್ಲಿ ಅವಳದೊಂದೂ ಪಟವಿಲ್ಲ" ಎಂದರು. ಹುಡುಗನನ್ನು ಕರೆಸಿ ಕೇಳಿದೆವು. ತಿದ್ದಿದ್ದನ್ನು ಮೂಲದ ಮೇಲೆಯೇ ಉಳಿಸಿಬಿಟ್ಟಿದ್ದನಂತೆ. ಮೊದಲಿನದು ಎಲ್ಲಿಯೂ ಸಿಗಲಿಲ್ಲ. ಪುಸ್ತಕದ ಮೂಲೆಯನ್ನು ತೋರಿಸಿ, "ಇಲ್ಲಿ ನಿಂತಿದ್ದರು" ಎಂದೆವು. ಅವರು ಆ ಚಪ್ಪಡಿಯನ್ನು ಬಹಳ ಹೊತ್ತು ನೋಡಿದರು, ನಮಸ್ಕಾರ ಮಾಡಿ ಹೋದರು.

ಆ ಜಾತ್ರೆಯಲ್ಲಿ ಚಿತ್ರ ತೆಗೆದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಮನೆಗೆ ಹೋಗಿ ಹುಡುಕಿ. ಯಾವುದಾದರೊಂದು ಮೂಲೆಯಲ್ಲಿ ಪೊರಕೆ ಹಿಡಿದ ಆ ತಾಯಿ ಸಿಕ್ಕರೆ, ಇದ್ದಂತೆಯೇ ಮಠಕ್ಕೆ ತಂದುಕೊಡಿ.