ಪರದೆಯ ಹಿಂದಿನ ಇಬ್ಬರು
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳು ಏನು ಮಾಡಿಕೊಂಡಿದ್ದಾರೆಂದು ಊರಿನಲ್ಲಿ ಯಾರಾದರೂ ಕೇಳಿದರೆ ‘ಕಂಪ್ಯೂಟರ್ ಕಂಪೆನಿಯಲ್ಲಿ’ ಎಂದಷ್ಟೇ ಹೇಳಿ ನಮ್ಮವರು ಸುಮ್ಮನಾಗುತ್ತಾರೆ. ಆ ಒಂದು ಮಾತಿನೊಳಗೆ ಹತ್ತಾರು ಕಸುಬುಗಳು ಅಡಗಿವೆ. ಅವುಗಳಲ್ಲಿ ಎರಡರ ವಿಚಾರವನ್ನು, ಅವುಗಳಿಂದಲೇ ಅನ್ನ ಕಾಣುತ್ತಿರುವ ನಾವು, ತಮ್ಮ ಮುಂದೆ ಅರಿಕೆಮಾಡಿಕೊಳ್ಳಬೇಕೆಂದಿದ್ದೇವೆ. ಒಂದು ಪ್ರಾಡಕ್ಟ್ ಮ್ಯಾನೇಜರನದು. ಇನ್ನೊಂದು ಯೂಸರ್ ಎಕ್ಸ್‌ಪೀರಿಯನ್ಸ್ ಡಿಸೈನರನದು. ಹೆಸರುಗಳೇನೋ ಬಾಯಿ ತುಂಬ ಇವೆ!

ಮೊದಲಿನದು ಸಾಬೂನಿನಿಂದ ಹುಟ್ಟಿತೆಂದರೆ ತಾವು ನಗಬಹುದು. 1931ರ ಮೇ ತಿಂಗಳಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪೆನಿಯ ನೀಲ್ ಮೆಕೆಲ್ರಾಯ್ ಎಂಬ ತರುಣನು ಮೂರು ಪುಟಗಳ ಟಿಪ್ಪಣಿಯೊಂದನ್ನು ಬರೆದನು. ಒಂದೊಂದು ಸಾಬೂನಿಗೂ ಅದರ ಏಳುಬೀಳುಗಳನ್ನು ತನ್ನವೆಂದೇ ನೋಡಿಕೊಳ್ಳುವ ಜನ ಬೇಕು, ಮಾರಾಟ ಕುಗ್ಗಿದ ಕಡೆ ಕಾರಣವನ್ನು ಅವರೇ ಹುಡುಕಬೇಕು ಎಂಬುದು ಅದರ ಸಾರ. (ಆತನೇ 1957ರಲ್ಲಿ ಆ ದೇಶದ ರಕ್ಷಣಾ ಕಾರ್ಯದರ್ಶಿಯಾದನು.) ಎರಡನೆಯ ಕಸುಬಿನ ಹೆಸರು ಈಚಿನದು. 1993ರಲ್ಲಿ ಆಪಲ್ ಕಂಪೆನಿಯನ್ನು ಸೇರಿದ ಡೊನಾಲ್ಡ್ ನಾರ್ಮನ್ ‘ಯೂಸರ್ ಎಕ್ಸ್‌ಪೀರಿಯನ್ಸ್’ ಎಂಬ ಮಾತನ್ನು ತಮ್ಮ ಹುದ್ದೆಯ ಹೆಸರಿನಲ್ಲಿ ಸೇರಿಸಿಕೊಂಡರು. ತಳ್ಳಬೇಕಾದ ಬಾಗಿಲನ್ನು ಜನ ಎಳೆಯುತ್ತಿದ್ದರೆ ತಪ್ಪು ಜನರದಲ್ಲ, ಬಾಗಿಲಿನದು ಎಂಬುದು ಅವರ ವಾದ.

ಇಬ್ಬರೂ ಸೇರಿ ದುಡಿಯುವುದು ಹೇಗೆ? ಹಣ ಕಳಿಸುವ ಒಂದು ಆ್ಯಪನ್ನು ಕನ್ನಡಕ್ಕೆ ತರುತ್ತಿದ್ದಾರೆಂದು ಇಟ್ಟುಕೊಳ್ಳೋಣ. ಇಂಗ್ಲಿಷ್ ಅಕ್ಷರಗಳು ಹೆಚ್ಚುಕಡಮೆ ಒಂದೇ ಗೆರೆಯ ಮೇಲೆ ಶಿಸ್ತಾಗಿ ನಿಲ್ಲುತ್ತವೆ. ನಮ್ಮವು ಹಾಗಲ್ಲ, ತಲೆಯ ಮೇಲೆ ಗುಡಿಸು, ಕಾಲಿನ ಕೆಳಗೆ ಒತ್ತು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಕೆಳಕ್ಕೆ ಎಷ್ಟು ಜಾಗ ಬೇಡುತ್ತದೆಂಬುದನ್ನು ನೋಡಿ. ಇಂಗ್ಲಿಷಿಗೆಂದು ಅಳೆದ ಪೆಟ್ಟಿಗೆಯಲ್ಲಿ ಕನ್ನಡವನ್ನು ತುರುಕಿದರೆ ಒತ್ತು ಕತ್ತರಿಸಿಹೋಗಿ ‘ಹಣ ಕಟ್ಟಿ’ ಎಂಬುದು ‘ಹಣ ಕಟಿ’ ಆಗುತ್ತದೆ. ಪೆಟ್ಟಿಗೆಯನ್ನು ಎತ್ತರಿಸಬೇಕೆಂದು ಡಿಸೈನರ್ ಹಟ ಹಿಡಿಯುತ್ತಾಳೆ. ಎತ್ತರಿಸಿದರೆ ಚಿಕ್ಕ ಫೋನುಗಳಲ್ಲಿ ಕೆಳಗಿನ ಗುಂಡಿ ಪರದೆಯಿಂದಲೇ ಮರೆಯಾಗುತ್ತದೆ, ಹೇಳಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ ಎಂದು ಮ್ಯಾನೇಜರ್ ಲೆಕ್ಕ ತೋರಿಸುತ್ತಾನೆ. ಇಬ್ಬರ ಮಾತೂ ನಿಜವೇ.

ಇಲ್ಲಿ ಜಗಳವಾಡಿ ಫಲವಿಲ್ಲ. ಬಲ್ಲ ಜೋಡಿಯಾದರೆ ಇಬ್ಬರೂ ಎದ್ದು, ಕನ್ನಡವನ್ನಷ್ಟೇ ಓದಬಲ್ಲ ಹಿರಿಯರೊಬ್ಬರ ಪಕ್ಕದಲ್ಲಿ ಬಾಯಿ ಮುಚ್ಚಿ ಕುಳಿತುಕೊಳ್ಳುತ್ತಾರೆ. ಬೆರಳು ಎಲ್ಲಿ ತಡೆಯಿತು, ಕಣ್ಣು ಎಲ್ಲಿ ಹಿಂದಕ್ಕೆ ಹೋಯಿತು ಎಂಬುದನ್ನು ನೋಡುತ್ತಾರೆ. ಬಳಿಕ ‘ಗುಂಡಿಯನ್ನು ಕೆಂಪು ಮಾಡು’ ಎಂದು ಮ್ಯಾನೇಜರ್ ಹೇಳುವುದಿಲ್ಲ. ‘ಈ ಪುಟದಲ್ಲಿ ಜನ ನಿಂತುಬಿಡುತ್ತಾರೆ, ಏಕೆ?’ ಎನ್ನುತ್ತಾನೆ. ‘ಚೆಂದವಿಲ್ಲ’ ಎಂದು ಅವಳೂ ಹೇಳುವುದಿಲ್ಲ. ‘ಹಣ ಯಾರಿಗೆ ಹೋಗುತ್ತದೆಂಬ ಹೆಸರು ಪೂರ್ತಿ ಕಾಣಲಿ, ಅಲಂಕಾರ ಮುಂದಿನ ತಿಂಗಳಿಗೆ ಇರಲಿ’ ಎನ್ನುತ್ತಾಳೆ. ಹೆಸರು ಮತ್ತು ಮೊತ್ತ ಇವೆರಡರಲ್ಲಿ ಮಾತ್ರ ತಾರೀಖಿಗಾಗಿ ರಾಜಿಯಾಗಬಾರದೆಂಬುದು ನಮ್ಮ ಅಭಿಪ್ರಾಯ.

ಏಕೆಂದರೆ ನಮ್ಮಲ್ಲಿ ಅನೇಕರ ತಾಯಂದಿರು ಊರಿನಲ್ಲಿ ಒಬ್ಬರೇ ಇದ್ದಾರೆ. ನಾವು ಕಳಿಸಿದ ಹಣವನ್ನು ಅವರು ಬಳಸಬೇಕು. ಅಕ್ಷರ ಕಾಣದಿದ್ದರೆ ಫೋನನ್ನು ಅಂಗಡಿಯವನ ಕೈಗೆ ಕೊಟ್ಟು, ಗುಟ್ಟಿನ ಅಂಕಿಯನ್ನೂ ಗಟ್ಟಿಯಾಗಿ ಹೇಳಿಬಿಡುತ್ತಾರೆ. ಪಕ್ಕದಲ್ಲಿ ಯಾರು ನಿಂತಿದ್ದಾರೋ!

ಆದುದರಿಂದ ಒಂದು ಬಿನ್ನಹ. ಸಭೆ ಮುಗಿದ ಮೇಲೆ ನಾವು ನಾಲ್ವರು ಪಕ್ಕದ ಕೋಣೆಯಲ್ಲಿರುತ್ತೇವೆ. ಹಿರಿಯರು ತಮ್ಮ ಫೋನಿನಲ್ಲಿ ಕನ್ನಡವನ್ನು ಆರಿಸಿಕೊಂಡು ಬನ್ನಿ. ಎಲ್ಲಿ ತಡವರಿಸುತ್ತದೆಂಬುದನ್ನು ಸಂಕೋಚವಿಲ್ಲದೆ ತೋರಿಸಿ; ನಾವು ಬರೆದುಕೊಳ್ಳುತ್ತೇವೆ. ಕಾಫಿಯನ್ನೂ ಅಲ್ಲಿಯೇ ಕೊಡುವರಂತೆ.